ಅಳಿಯಂದಿರ ಗುಳೆ

ನಮ್ಮ ಓಣಿಯಲ್ಲಿ ಯಾರು ಸಿಕ್ಕರೂ ಕೇಳುವುದು ಒಂದೇ. “ಟೀಚರ್ರೀ, ಮಗಳು ಅಮೆರಿಕಾದಾಗ ಆರಾಮ ಅದಾಳಿಲ್ರೀ?” “ಈಗ ಅಲ್ಲಿಲ್ರೀ, ಸ್ವೀಡನ್‌ಕ ಹೋಗ್ಯಾರ” ಅನ್ನುತ್ತೇನೆ. “ಹೌದನ್ರೀ, ಸ್ವಿಟ್ಜರ್ಲೆಂಡ್ ಭಾಳ ಚೊಲೊ ಐತಂತ ಬಿಡ್ರಿ!” ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಕಲಿಸಿದವಳು ನಾನು. ಮೊದಮೊದಲು ನಿಂತಲ್ಲೇ ಭೂಪಟ ಬಿಡಿಸಿ ಹೇಳುತ್ತಿದ್ದೆ. ಈಗ ಸುಮ್ನೆ ತಲೆ ಆಡಿಸುತ್ತೇನೆ. ಅಳಿಯಂದಿರಿಗೆ ಇದನ್ನು ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿರುವ ಅವರ ಚಿಕ್ಕಮ್ಮ ಕೂಡ ಫೋನ್ ಮಾಡಿದಾಗಲೆಲ್ಲ ಸ್ವಿಸ್ ಚಾಕಲೇಟ್ ಕಳಿಸು ಅನ್ನುತ್ತಾರಂತೆ.

ಅಳಿಯಂದಿರು ಅಮೆರಿಕದವರು. ಹೀಗೆ ಬಹುವಚನದಲ್ಲಿ ಮಾತಾಡಿದರೆ ಮಗಳಿಗೆ ನಗು. “ಅವ್ವಾ, ಹೆಸರು ಹಿಡಿದು ಕರಿ, ಅವ್ರ ಕಡೆ ಎಲ್ಲಾರೂ ಹಂಗ ಕರೀತಾರ” ಅನ್ನುತ್ತಾಳೆ. ನನಗೆ ನಾಲಿಗೆ ಹೊರಳುವುದಿಲ್ಲ. ಮಿನೆಸೋಟದಲ್ಲಿ ಹುಟ್ಟಿದರೂ ಅಳಿಯ ಅಳಿಯನೇ ಅಲ್ವಾ?

ಇಲ್ಲಿ ಕೂತು ನೋಡಿದರೆ ಅಮೆರಿಕ, ಸ್ವೀಡನ್ ಎಲ್ಲ ಒಂದೇ ‘ಫಾರಿನ್’. ಅಮೆರಿಕದವರಿಗೆ ಸ್ವೀಡನ್‌ನಲ್ಲಿ ಇರುವುದಕ್ಕೆ ಏನು ತ್ರಾಸು, ನಮ್ಮ ಜಿಲ್ಲೆಯ ಇಂಡಿ ಊರಿನಿಂದ ಸಿಂದಗಿಗೆ ಹೋದಂತೆ ಇರಬೇಕು ಅಂದುಕೊಂಡಿದ್ದೆ. ಅದು ತಪ್ಪು ಅಂತ ಗೊತ್ತಾಗಿದ್ದು 2023ರ ಅಕ್ಟೋಬರ್‌ನಲ್ಲಿ, ಮಗಳ ಬಾಣಂತನಕ್ಕೆ ಹೋದಾಗ. ಊರಿನ ಹೆಸರು ಗೋಥೆನ್‌ಬರ್ಗ್. ಅಲ್ಲಿಯವರ ಬಾಯಲ್ಲಿ ಅದು ‘ಯೋತೆಬೊರಿ’. ನಮ್ಮಲ್ಲಿ ಬಿಜಾಪುರವೂ ನಡೆಯುತ್ತದೆ, ವಿಜಯಪುರವೂ ನಡೆಯುತ್ತದಲ್ಲ, ಹಾಗೆ.

ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆಗಲಿಲ್ಲ. ಅದಕ್ಕೆ ತವರನ್ನೇ ಬ್ಯಾಗಿನಲ್ಲಿ ತುಂಬಿಕೊಂಡು ಹೊರಟೆ. ಅಂಟು, ಉತ್ತತ್ತಿ, ಒಣ ಕೊಬ್ಬರಿ, ಒಣ ಶುಂಠಿ, ಶೇಂಗಾ ಚಟ್ನಿ, ಐದು ಕಿಲೋ ಜೋಳದ ಹಿಟ್ಟು. ಮನೆಯಲ್ಲಿ ಕಾಸಿದ ತುಪ್ಪವನ್ನೂ ಸ್ಟೀಲ್ ಡಬ್ಬಿಗೆ ಹಾಕಿ ಇಟ್ಟಿದ್ದೆ. ಹಿಂದಿನ ದಿನ ಅಳಿಯಂದಿರು ಫೋನ್ ಮಾಡಿ ಅದನ್ನು ತೆಗೆಸಿದರು. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ಯುರೋಪಿನ ಒಳಗೆ ಒಯ್ಯುವಂತಿಲ್ಲವಂತೆ. ತುಪ್ಪ ಇಲ್ಲದೆ ಅಂಟಿನ ಉಂಡಿ ಕಟ್ಟುವುದು ಹೇಗೆ? ಅಲ್ಲಿ ಹೋಗಿ ನೋಡಿದರೆ ಬೆಣ್ಣೆಗೆ ಬರ ಇರಲಿಲ್ಲ. ಉಪ್ಪು ಹಾಕದ ಬೆಣ್ಣೆ ಹುಡುಕಿ ತಂದು ಕಾಸಿದೆವು. ಪಾತ್ರೆ ಮುಂದೆ ನಿಂತು ಅಳಿಯಂದಿರು ಮೂಗರಳಿಸಿ, “ಅತ್ತಿ, ಭಾಳ ಚೊಲೊ ವಾಸನಿರೀ” ಅಂದರು. ಅವರ ಕನ್ನಡದಲ್ಲಿ ಎಲ್ಲದಕ್ಕೂ ‘ರೀ’ ಹತ್ತುತ್ತದೆ. ಬೆಕ್ಕಿಗೂ ಹತ್ತುತ್ತದೆ.

ಅಷ್ಟು ಹೊತ್ತಿಗೆ ಅವರು ಆ ಊರಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಮಗಳಿಗೆ ಅಲ್ಲಿ ಕೆಲಸ ಸಿಕ್ಕಿತ್ತು, ಇವರು ಅವಳ ಹಿಂದೆ ಬಂದವರು. ಬಂದ ಹೊಸದರಲ್ಲಿ ಒಂದು ನಂಬರಿಗಾಗಿ ಕಾದರಂತೆ. ಹುಟ್ಟಿದ ದಿನಾಂಕದ ಆರು ಅಂಕಿ, ಅದರ ಮುಂದೆ ಇನ್ನು ನಾಲ್ಕು. ನಮ್ಮ ಆಧಾರ್ ಇದ್ದ ಹಾಗೆ, ಆದರೆ ಕೊಡುವುದು ತೆರಿಗೆ ಕಚೇರಿ. ಆ ನಂಬರ್ ಬರುವ ತನಕ ಅವರಿಗೆ ಬ್ಯಾಂಕ್ ಖಾತೆ ಸಿಗಲಿಲ್ಲ. ಖಾತೆ ಇಲ್ಲದಿದ್ದರೆ ಫೋನಿನಲ್ಲಿ ದುಡ್ಡು ಕೊಡುವ ‘ಸ್ವಿಶ್’ ಇಲ್ಲ. ಅದು ಇಲ್ಲದಿದ್ದರೆ ರದ್ದಿ ಸಂತೆಯಲ್ಲಿ ಒಂದು ಹಳೇ ಕುರ್ಚಿ ಕೊಳ್ಳುವುದೂ ಕಷ್ಟ. ಜೇಬಿನಲ್ಲಿ ನೋಟು ಇಟ್ಟುಕೊಂಡು ಬಡವರಾಗಿ ತಿರುಗಿದೆ ಅನ್ನುತ್ತಾರೆ.

ನಂಬರ್ ಬಂದ ಮೇಲೂ ಒಂದು ಬ್ಯಾಂಕು ತಿಂಗಳುಗಟ್ಟಲೆ ಓಡಾಡಿಸಿತು. ಕಾರಣ, ಇವರು ಅಮೆರಿಕದವರು. ಅಮೆರಿಕದ ಪ್ರಜೆಗಳ ಖಾತೆ ಲೆಕ್ಕವನ್ನು ಬೇರೆ ದೇಶದ ಬ್ಯಾಂಕುಗಳೂ ಅಮೆರಿಕಕ್ಕೆ ತಿಳಿಸಬೇಕು ಅಂತ 2010ರಲ್ಲಿ ಅವರು ಕಾನೂನು ಮಾಡಿದ್ದಾರೆ. ಆ ತಲೆನೋವೇ ಬೇಡ ಅಂತ ಕೆಲವು ಬ್ಯಾಂಕುಗಳು ಇಂಥ ಗಿರಾಕಿಗಳನ್ನು ಕಂಡರೆ ಹಿಂದೆ ಸರಿಯುತ್ತವೆ. ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಅಮೆರಿಕದವರು ತಮ್ಮ ಸರ್ಕಾರಕ್ಕೆ ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಅಮೆರಿಕ ಬಿಟ್ಟರೆ ಹೀಗೆ ಬೆನ್ನು ಹತ್ತುವ ಇನ್ನೊಂದು ದೇಶ ಎರಿಟ್ರಿಯಾ ಅಂತೆ. ಆ ಪಾಸ್‌ಪೋರ್ಟ್ ಇದ್ದರೆ ಎಲ್ಲ ಬಾಗಿಲೂ ತಾವೇ ತೆರೆದುಕೊಳ್ಳುತ್ತವೆ ಅಂದುಕೊಂಡಿದ್ದೆ ನಾನು.

ಕಾರಿನ ಕಥೆ ಇನ್ನೂ ಚೆನ್ನಾಗಿದೆ. ಅಮೆರಿಕದ ಲೈಸೆನ್ಸ್ ಅಲ್ಲಿ ಒಂದು ವರ್ಷ ಮಾತ್ರ ನಡೆಯುತ್ತದೆ. ಆಮೇಲೆ ಹೊಸಬರ ಹಾಗೆ ಓದಿ ಪರೀಕ್ಷೆ ಬರೆಯಬೇಕು, ಕಾರು ಓಡಿಸಿ ತೋರಿಸಬೇಕು, ಜಾರುವ ನೆಲದ ಮೇಲೆ ಕಾರು ಹೇಗೆ ಹಿಡಿತ ತಪ್ಪುತ್ತದೆ ಅನ್ನುವ ತರಬೇತಿಯನ್ನೂ ಮುಗಿಸಬೇಕು. ಹದಿನಾರನೇ ವಯಸ್ಸಿಗೆ ಸ್ಟಿಯರಿಂಗ್ ಹಿಡಿದವರು ನಮ್ಮ ಅಳಿಯಂದಿರು, ಮಿನೆಸೋಟದ ಹಿಮದಲ್ಲಿ ಓಡಿಸಿದವರು. ಮೊದಲ ಸಲ ನಪಾಸು! ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕಿತ್ತು, ಇವರು ಬಿಡಲಿಲ್ಲ. ನಮ್ಮ ಗಾಂಧಿ ಚೌಕಿನಲ್ಲಿ ಒಂದು ವಾರ ಓಡಿಸಲಿ, ಎಲ್ಲ ಕಡೆಯಿಂದ ಬರುವವರಿಗೂ ದಾರಿ ಬಿಡುವುದನ್ನು ಕಲಿಯುತ್ತಾರೆ ಅಂದರು ನಮ್ಮ ಯಜಮಾನರು. ಅಂದ ಹಾಗೆ ಸ್ವೀಡನ್ನಿನವರೂ ಮೊದಲು ನಮ್ಮಂತೆ ಎಡಕ್ಕೇ ಓಡಿಸುತ್ತಿದ್ದರು. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶ ಎಡ ಬಿಟ್ಟು ಬಲಕ್ಕೆ ಬಂತು. ಒಂದೇ ದಿನದಲ್ಲಿ.

ಅದೇ 1967ರಲ್ಲಿ ಇನ್ನೊಂದನ್ನೂ ಬಿಡಲು ಶುರು ಮಾಡಿದರು. ‘ನೀವು’ ಅನ್ನುವುದನ್ನು. ಅಲ್ಲಿಯವರೆಗೆ ಅವರದು ನಮಗಿಂತ ಬಿಗಿಯಾದ ಮರ್ಯಾದೆಯ ಮಾತು, ಹುದ್ದೆಯ ಹೆಸರು ಹೇಳಿಯೇ ಮಾತಾಡಿಸಬೇಕಿತ್ತು. ಆ ವರ್ಷ ಸರ್ಕಾರಿ ವೈದ್ಯಕೀಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೋರ್ ರೆಕ್ಸೆಡ್ ಎಂಬವರು, ಇಲ್ಲಿ ಎಲ್ಲರನ್ನೂ ನಾನು ‘ನೀನು’ ಅಂತಲೇ ಕರೆಯುತ್ತೇನೆ ಅಂದರು. ಮಾತು ದೇಶಕ್ಕೆಲ್ಲ ಹಬ್ಬಿತು. ಈಗ ಶಾಲೆಯಲ್ಲಿ ಆರು ವರ್ಷದ ಮಗು ಮಾಸ್ತರರನ್ನು ಹೆಸರು ಹಿಡಿದು ಕರೆಯುತ್ತದೆ. ಇದನ್ನು ಕೇಳಿ ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಕೂಸನ್ನು ನೋಡಲು ಮನೆಗೆ ಬಂದ ನರ್ಸ್, ಮಗಳ ವಯಸ್ಸಿನವಳು, ನನಗೂ ‘ದೂ’ ಅಂದಳು. ನೀನು! ಆಮೇಲೆ ಅರ್ಧ ಗಂಟೆ ನನ್ನ ಕೈ ಹಿಡಿದುಕೊಂಡು, ಕೂಸಿನ ನೆತ್ತಿ ಹೇಗೆ ಕೂಡುತ್ತದೆ ಅಂತ ತೋರಿಸಿದಳು. ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ.

ಕೂಸು ಹುಟ್ಟಿದ್ದು ನವೆಂಬರ್ ಮೊದಲ ವಾರ. ಹೊತ್ತು ಮುಳುಗುವುದು ದಿನದಿನಕ್ಕೆ ಬೇಗ ಆಗುತ್ತಾ ಬಂತು. ಡಿಸೆಂಬರ್ ನಡುವೆ ಸೂರ್ಯ ಹುಟ್ಟುವುದು ಸುಮಾರು ಒಂಬತ್ತಕ್ಕೆ, ಮೂರೂವರೆಗೆ ಮುಳುಗಿಯೇ ಬಿಡುತ್ತಾನೆ. ಅದೂ ಮೋಡ ಇಲ್ಲದ ದಿನ ಕಂಡರೆ. ಆ ಊರಿನಲ್ಲಿ ಮೋಡ ಇಲ್ಲದ ದಿನ ಅಂದರೆ ನಮ್ಮಲ್ಲಿ ಮೋಡ ಇರುವ ದಿನ ಇದ್ದ ಹಾಗೆ, ಎಲ್ಲರೂ ಹೊರಗೆ ಬಂದು ಮೇಲೆ ನೋಡುತ್ತಾರೆ. ಚಳಿ ಅಳಿಯಂದಿರಿಗೆ ಲೆಕ್ಕಕ್ಕಿಲ್ಲ, ಅವರ ಊರಿನ ಚಳಿ ಇದಕ್ಕಿಂತ ಜಾಸ್ತಿ. ಆದರೆ ಅಲ್ಲಿ ಹಿಮದ ಮೇಲೆ ಬಿಸಿಲು ಬೀಳುತ್ತದೆ. ಇಲ್ಲಿ ಒದ್ದೆ ಕತ್ತಲು. “ಅತ್ತಿ, ಚಳಿ ಬ್ಯಾರೆರೀ, ಕತ್ತಲಿ ಬ್ಯಾರೆರೀ” ಅಂದರು ಒಂದು ಮಧ್ಯಾಹ್ನ. ಮಧ್ಯಾಹ್ನ ಅಂತ ನಾನು ಬರೆಯುತ್ತಿದ್ದೇನೆ, ಹೊರಗೆ ರಾತ್ರಿಯಾಗಿತ್ತು. ಕೂಸಿಗೆ ದಿನಾ ಐದು ಹನಿ ಡಿ ವಿಟಮಿನ್ ಹಾಕಬೇಕು. ನಮ್ಮ ಕಾಲದಲ್ಲಿ ನಮ್ಮ ಕಡೆ ಎಳೆಬಿಸಿಲಿಗೆ ಹಿಡಿದರೆ ಮುಗಿಯುತ್ತಿತ್ತು. ಅಲ್ಲಿ ಸೂರ್ಯ ಸೀಸೆಯಲ್ಲಿ ಬರುತ್ತಾನೆ.

ಒಂದು ವಿಷಯದಲ್ಲಿ ಅತ್ತೆ ಅಳಿಯ ಇಬ್ಬರೂ ಒಂದಾದೆವು. ಅಲ್ಲಿಯವರು ಕೂಸುಗಳನ್ನು ದಪ್ಪಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಗಾಡಿಯನ್ನು ಹೊರಗೆ ನಿಲ್ಲಿಸುತ್ತಾರೆ. ಆ ಚಳಿಯಲ್ಲಿ! ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಾರೆ. ಹೊರಗಿನ ಗಾಳಿಗೆ ನಿದ್ದೆ ಚೆನ್ನಾಗಿ ಬರುತ್ತದಂತೆ. ಅಮೆರಿಕದಲ್ಲಿ ಹೀಗೆ ಮಾಡಿದರೆ ಪೊಲೀಸರು ಬರುತ್ತಾರೆ ಅಂದರು ಅಳಿಯಂದಿರು. ವಿಜಯಪುರದಲ್ಲಿ ಓಣಿಯೇ ಬರುತ್ತದೆ ಅಂದೆ ನಾನು. ಮಗಳು ನಮ್ಮಿಬ್ಬರ ಮಾತು ಕೇಳಲಿಲ್ಲ. ಕೂಸು ಬಾಲ್ಕನಿಯಲ್ಲಿ ಎರಡು ತಾಸು ಮಲಗಿತು. ನಾವಿಬ್ಬರೂ ಗಾಜಿನ ಈಚೆ ಕಾವಲು ಕೂತೆವು.

ಆದರೆ ಅವರಿಗೆ ನಿಜವಾಗಿ ಕಷ್ಟವಾಗಿದ್ದು ಮಾತು. ಭಾಷೆ ಅಲ್ಲ, ಮಾತು. ಸರ್ಕಾರ ಪುಕ್ಕಟೆ ಸ್ವೀಡಿಷ್ ಕಲಿಸುತ್ತದೆ, ಅದಕ್ಕೆ ಹೋಗುತ್ತಿದ್ದರು. ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಉಚ್ಚಾರ ಕೇಳಿದ ಕೂಡಲೇ ಎದುರಿನವರು ಇಂಗ್ಲಿಷಿಗೆ ಹೊರಳುತ್ತಾರೆ. ಅದೂ ಇರಲಿ. ಟ್ರಾಮ್ ನಿಲ್ದಾಣದಲ್ಲಿ ಜನ ಮಾರು ಮಾರು ದೂರ ನಿಲ್ಲುತ್ತಾರೆ, ರೊಟ್ಟಿ ಒಣಗಲು ಹರಡಿದ ಹಾಗೆ. ನೆರೆಯವರು ‘ಹೇಯ್’ ಅಂದು ಒಳಗೆ ಹೋಗುತ್ತಾರೆ, ಅಷ್ಟೇ. ಮಿನೆಸೋಟದವರು ಅಂಗಡಿಯ ಸಾಲಿನಲ್ಲೂ ಹವಾಮಾನದಿಂದ ಹಿಡಿದು ಮೊಣಕಾಲು ನೋವಿನ ತನಕ ಮಾತಾಡುವ ಮಂದಿ. ಅಪರಿಚಿತರನ್ನು ಕಂಡು ಇವರು ನಕ್ಕರೆ, ಅವರು ಹಿಂದೆ ತಿರುಗಿ ನೋಡುತ್ತಾರೆ, ಬೇರೆ ಯಾರನ್ನೋ ನೋಡಿ ನಕ್ಕಿರಬೇಕು ಅಂತ. ಮದುವೆಯಾದ ಹೊಸದರಲ್ಲಿ ನಾನು ಇದೇ ಅಳಿಯಂದಿರನ್ನು ‘ಬಿಗುಮಾನದವರು, ಮಾತು ಕಮ್ಮಿ’ ಅಂದಿದ್ದೆ. ಗೋಥೆನ್‌ಬರ್ಗ್‌ನಲ್ಲಿ ನೋಡಿದರೆ ಊರಿಗೆಲ್ಲ ಅವರೇ ವಾಚಾಳಿ.

ಅವರಿದ್ದ ಮನೆಯ ಬಟ್ಟೆ ತೊಳೆಯುವ ಕೋಣೆ ನೆಲಮಾಳಿಗೆಯಲ್ಲಿ, ಎಲ್ಲ ಮನೆಗಳಿಗೂ ಒಂದೇ. ಮೊದಲೇ ಪಾಳಿ ಹಚ್ಚಬೇಕು. ಕೂಸಿನ ಬಟ್ಟೆಯ ಗಡಿಬಿಡಿಯಲ್ಲಿ ಒಂದು ದಿನ ಅಳಿಯಂದಿರು ಹದಿನೈದು ನಿಮಿಷ ತಡ ಮಾಡಿದರು, ಒಣಗಿಸುವ ಯಂತ್ರದ ಜಾಳಿಗೆ ಒರೆಸುವುದನ್ನೂ ಮರೆತರು. ಮರುದಿನ ಗೋಡೆಯ ಮೇಲೆ ಚೀಟಿ. ಹೆಸರಿಲ್ಲ, ಸಹಿ ಇಲ್ಲ, ಮೂರು ಆಶ್ಚರ್ಯಸೂಚಕ ಚಿಹ್ನೆ. ಇವರ ಮುಖ ಬಾಡಿತು. “ಎದುರು ಬಂದು ಬೈದಿದ್ರ ಛಲೋ ಇತ್ತರೀ” ಅಂದರು. ಈ ಮಾತಿಗೆ ನನ್ನ ಕರುಳು ಚುರ್ ಅಂತು. ನಮ್ಮ ಓಣಿಯಲ್ಲಿ ನಲ್ಲಿ ನೀರಿಗೆ ಆದ ಜಗಳ ಎಲ್ಲ ಎದುರಾಎದುರೇ ಆದದ್ದು, ಸಂಜೆ ಒಟ್ಟಿಗೆ ಕೂತು ಶಾವಿಗೆ ಹೊಸೆದದ್ದು.

ನಾನು ಶೇಂಗಾ ಹೋಳಿಗೆ ಮಾಡಿದೆ. ಇಬ್ಬರೂ ತಾಟು ಹಿಡಿದು ಬಾಗಿಲು ಬಾಗಿಲಿಗೆ ಹೋದೆವು. ಮೊದಲ ಮನೆಯಲ್ಲಿ ದೀಪ ಉರಿಯುತ್ತಿತ್ತು, ಹೆಜ್ಜೆ ಸಪ್ಪಳ ಬಾಗಿಲ ತನಕ ಬಂತು, ನಿಂತಿತು, ಹಿಂದೆ ಹೋಯಿತು. ಎರಡನೇ ಮನೆಯ ಹುಡುಗ ಇದರಲ್ಲಿ ಶೇಂಗಾ ಇದೆಯಾ ಅಂತ ಕೇಳಿದ. ಶೇಂಗಾ ಹೋಳಿಗೆಯಲ್ಲಿ! ಅವನಿಗೆ ಅದು ಮೈಗೆ ಆಗುವುದಿಲ್ಲವಂತೆ, ಪಾಪ. ಮೂರನೇ ಮನೆಯ ವಯಸ್ಸಾದ ಬಾಯಿಯವರು ತಾಟು ತಗೊಂಡರು. ಏನೋ ತಪ್ಪು ಸಾಮಾನು ಕೈಗೆ ಬಂತೇನೋ ಅನ್ನುವ ಹಾಗೆ ಹಿಡಿದುಕೊಂಡು ನಿಂತಿದ್ದರು.

ಮರುದಿನ ಬೆಳಿಗ್ಗೆ ತಾಟು ನಮ್ಮ ಬಾಗಿಲ ಮುಂದಿತ್ತು. ತೊಳೆದು, ಒರೆಸಿ, ಪಳಪಳ ಹೊಳೆಯುವ ಹಾಗೆ. ಖಾಲಿ. ಒಳಗೆ ‘ತಾಕ್’ ಅಂತ ಒಂದು ಚೀಟಿ. ಅಂದರೆ ಥ್ಯಾಂಕ್ಸ್.

ನನಗೆ ಅದು ತುಂಬಾ ನೋವಾಯಿತು. ನಮ್ಮ ಕಡೆ ಖಾಲಿ ತಾಟು ವಾಪಸ್ ಕೊಡುವುದುಂಟೇ? ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಖಾಲಿ ಕೊಟ್ಟರೆ ಬರಹೋಗುವ ದಾರಿ ಮುಚ್ಚಿದ ಹಾಗೆ. ಅಳಿಯಂದಿರು ಕೂತು ಬಿಡಿಸಿ ಹೇಳಿದರು. ಇಲ್ಲಿಯವರಿಗೆ ಒಬ್ಬರ ಋಣ ಇನ್ನೊಬ್ಬರ ಮೇಲೆ ಇರಬಾರದು. ಕಾಫಿ ಕುಡಿದರೂ ಅವರವರ ಬಿಲ್ಲು ಅವರವರದು. ತಾಟು ಚೊಕ್ಕ ಮಾಡಿ ಕೊಟ್ಟರೆ ಅದೇ ಮರ್ಯಾದೆ, ನಿಮಗೆ ಹೊರೆ ಹಾಕಲಿಲ್ಲ ಅಂತ. “ಒಂದು ವರ್ಷ ಬೇಕಾತರೀ ನನಗ ತಿಳಿಯಾಕ” ಅಂದರು. ನನಗೆ ತಿಳಿಯಿತು, ಒಪ್ಪಿಗೆಯಾಗಲಿಲ್ಲ. ಋಣ ಇಲ್ಲದೆ ನೆರೆಹೊರೆ ಹೇಗೆ ಅಂತ ಈಗಲೂ ಯೋಚನೆ ಬರುತ್ತದೆ.

ನವೆಂಬರ್ ನಾಲ್ಕನೇ ಗುರುವಾರ ಅಮೆರಿಕದವರ ದೊಡ್ಡ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಸ್ವೀಡನ್ನಿನಲ್ಲಿ ಅದು ಬರೀ ಗುರುವಾರ. ಇವರು ಆಫೀಸಿಗೆ ಹೋಗಿ ಬಂದು, ಸೋಫಾದಲ್ಲಿ ಸುಮ್ಮನೆ ಕೂತರು. ಟರ್ಕಿ ಕೋಳಿ ಅವರ ಒಲೆಗೆ ಹಿಡಿಸುವುದಿಲ್ಲ, ಡಬ್ಬಿಯ ಕುಂಬಳಕಾಯಿ ಅಂಗಡಿಯಲ್ಲಿ ಸಿಗಲಿಲ್ಲ. ಕೋಳಿ ನನ್ನಿಂದ ಆಗದ ಮಾತು. ಆದರೆ ಕುಂಬಳಕಾಯಿ? ತಂದು ಹೆರೆದು, ಬೆಲ್ಲ ಇಲ್ಲದ್ದಕ್ಕೆ ಕಂದು ಸಕ್ಕರೆ ಹಾಕಿ ಗಾರಿಗೆ ಕರಿದೆ. ಹನ್ನೊಂದು ತಿಂದರು. ಎಣಿಸಬಾರದಿತ್ತು, ಎಣಿಸಿದೆ.

ಒಂದು ಭಾನುವಾರ ಬಂದರಿನ ಕಡೆ ಕರೆದುಕೊಂಡು ಹೋದರು. ಪ್ಯಾಕ್‌ಹುಸ್‌ಪ್ಲಾಟ್ಸೆನ್ ಅಂತ ಒಂದು ಜಾಗ, ಹಳೆಯ ಸುಂಕದ ಕಟ್ಟೆಯ ಹತ್ತಿರ. ನೋಡಲು ಹೇಳಿಕೊಳ್ಳುವಂಥದ್ದು ಏನಿಲ್ಲ, ಗಾಳಿ, ಕಲ್ಲುಹಾಸು, ಬೂದಿ ಬಣ್ಣದ ನೀರು. ಹತ್ತೊಂಬತ್ತನೇ ಶತಮಾನದ ನಡುವಿನಿಂದ ಮುಂದಿನ ಏಳೆಂಟು ದಶಕದಲ್ಲಿ ಹನ್ನೆರಡು ಲಕ್ಷಕ್ಕೂ ಜಾಸ್ತಿ ಸ್ವೀಡನ್ ಜನ ಅಮೆರಿಕಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ದೇಶ ಬಿಟ್ಟಿದ್ದು ಈ ಊರಿನಿಂದ. ಇಲ್ಲಿಂದ ಹಡಗಿನಲ್ಲಿ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಮತ್ತೆ ಹಡಗು. 1867, 68ರಲ್ಲಿ ಸ್ವೀಡನ್ನಿಗೆ ಭೀಕರ ಬರ ಬಿದ್ದಿತ್ತು. ಅಳಿಯಂದಿರ ಮುತ್ತಜ್ಜನ ಅಪ್ಪ ಸ್ಮೊಲಾಂಡ್ ಅನ್ನುವ ಕಲ್ಲುಭೂಮಿಯ ಸೀಮೆಯವರು, ಆ ಬರದಲ್ಲಿ ಹೆಂಡತಿ, ಎರಡು ಮಕ್ಕಳು, ಒಂದು ಮರದ ಪೆಟ್ಟಿಗೆ ಕಟ್ಟಿಕೊಂಡು ಹೊರಟವರಂತೆ.

“ಇದಕ್ಕ ಕನ್ನಡದಾಗ ಏನಂತಾರರೀ?” ಅಂದರು. ವಲಸೆ ಅನ್ನಬಹುದಿತ್ತು, ಪಾಠದಲ್ಲಿ ಹಾಗೇ ಇದೆ. ನನ್ನ ಬಾಯಿಗೆ ಬಂದದ್ದು ಗುಳೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಗೋವಾ ಬಸ್ಸಿಗೆ ಕಾಯುವ ಮಂದಿ ಕಣ್ಣ ಮುಂದೆ ಬಂದರು. ಹಾಸಿಗೆ ಸುರುಳಿ, ಕೊಡ, ಕಂಕುಳಲ್ಲಿ ಕೂಸು. ನನ್ನ ತರಗತಿಯಲ್ಲಿ ಪ್ರತಿ ವರ್ಷ ಹಾಜರಿ ಪುಸ್ತಕದಲ್ಲಿ ನಾಲ್ಕಾರು ಹೆಸರಿನ ಮುಂದೆ ಗೈರು, ಗೈರು, ಗೈರು. ಎಲ್ಲಿ ಹೋದರು ಅಂದರೆ ಪಕ್ಕದ ಹುಡುಗ ಹೇಳುತ್ತಿದ್ದ, “ಗುಳೆ ಹೋಗ್ಯಾರ್ರೀ ಟೀಚರ.” ನಾನೂ ಸಣ್ಣವಳಿದ್ದಾಗ ಎಪ್ಪತ್ತೆರಡರ ಬರದಲ್ಲಿ ರೇಷನ್ನಿನ ಕೆಂಪು ಜೋಳದ ರೊಟ್ಟಿ ತಿಂದವಳು, ಅಮೆರಿಕದಿಂದ ಬಂದದ್ದು ಅಂತ ಅಪ್ಪಾಜಿ ಹೇಳುತ್ತಿದ್ದರು. ಗುಳೆ ಅನ್ನುವ ಶಬ್ದವನ್ನು ಅಳಿಯಂದಿರು ಎರಡು ಸಲ ಹೇಳಿ ನೋಡಿದರು. ‘ಳೆ’ ಬರಲಿಲ್ಲ, ‘ಗುಲೆ’ ಅಂದರು. ಆಮೇಲೆ ನೀರಿನ ಕಡೆ ನೋಡುತ್ತಾ, “ನಾನು ವಾಪಸ್ ಬಂದೀನರೀ” ಅಂದರು.

ಮನೆಗೆ ಬರುವಾಗ ಅಂಗಡಿಯಲ್ಲಿ ಒಂದು ರೊಟ್ಟಿ ತಗೊಂಡೆವು. ದುಂಡಗೆ, ಗಟ್ಟಿಯಾಗಿ, ನಡುವೆ ತೂತು. ಹಿಂದಿನವರು ಇದನ್ನು ವರ್ಷಕ್ಕೆ ಒಂದೆರಡು ಸಲ ರಾಶಿ ಸುಟ್ಟು, ಕೋಲಿಗೆ ಪೋಣಿಸಿ ಸೂರಿಗೆ ತೂಗುಹಾಕುತ್ತಿದ್ದರಂತೆ. ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆ. ಜೋಳದ ಬದಲು ರೈ ಕಾಳಿನದು, ಅಷ್ಟು ಬಿಟ್ಟರೆ ನಮ್ಮ ಕಡಕ್ ರೊಟ್ಟಿಯೇ. ಸ್ಮೊಲಾಂಡಿನ ಆ ಪೆಟ್ಟಿಗೆಯಲ್ಲೂ ಇದು ಇದ್ದಿರಬೇಕು. ಬರದ ಸೀಮೆಯವರಿಗೆ ಕೆಡದ ರೊಟ್ಟಿ ಮಾಡಲು ಯಾರೂ ಕಲಿಸಬೇಕಿಲ್ಲ.

ಜನವರಿಯಲ್ಲಿ ವೀಸಾದ 90 ದಿನ ಮುಗಿಯುವ ಮೊದಲು ನಾನು ವಾಪಸ್ ಬಂದೆ. ಮರುವರ್ಷ ಸಂಕ್ರಮಣಕ್ಕೆ ಅವರೇ ಬಂದರು, ಕೂಸಿಗೆ ಸಿದ್ದೇಶ್ವರ ಜಾತ್ರೆ ತೋರಿಸಲು. ಅಲ್ಲಿ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನ ರಜೆ, ಮಗಳ ಪಾಳಿ ಮುಗಿದು ಈಗ ಅಳಿಯಂದಿರ ಪಾಳಿ ನಡೆದಿತ್ತು. ಕೂಸನ್ನು ಎದೆಗೆ ಕಟ್ಟಿಕೊಂಡು ಓಣಿಯಲ್ಲಿ ತಿರುಗುತ್ತಿದ್ದರು. “ಅಳಿಯಂದ್ರು ಏನ್ ಕೆಲಸ ಮಾಡ್ತಾರ್ರೀ?” “ಸದ್ಯ ಕೂಸು ಆಡಸ್ತಾರ್ರೀ.” “ಪಗಾರ?” “ಸರ್ಕಾರ ಕೊಡತೈತ್ರೀ.” ಇದನ್ನು ನಂಬಿಸಲು ಸ್ವೀಡನ್, ಸ್ವಿಟ್ಜರ್ಲೆಂಡ್ ಬೇರೆ ಅನ್ನುವುದಕ್ಕಿಂತ ಜಾಸ್ತಿ ಕಷ್ಟವಾಯಿತು.

ಸಂಕ್ರಮಣದ ದಿನ ಎದುರುಮನೆಯ ಕಾಕೂ ಸಜ್ಜಿ ರೊಟ್ಟಿ, ಎಣಗಾಯಿ, ಮಾದಲಿ ತುಂಬಿದ ತಾಟು ಕಳಿಸಿದ್ದರು. ಊಟ ಆಗಿ ನಾನು ಸ್ವಲ್ಪ ಅಡ್ಡಾಗಿದ್ದೆ. ಎದ್ದು ಬಂದರೆ ತಾಟು ಕಾಣಲಿಲ್ಲ. “ಕೊಟ್ಟು ಬಂದೀನರೀ ಅತ್ತಿ, ಛಂದಾಗಿ ತೊಳದು, ಒರಿಸಿ” ಅಂದರು ಅಳಿಯಂದಿರು, ದೊಡ್ಡ ಕೆಲಸ ಮುಗಿಸಿದವರ ಹಾಗೆ.

“ಒಳಗ ಏನರೆ ಹಾಕಿದ್ರೇನು?”

ಅವರ ಮುಖ ನೋಡಿ ಗೊತ್ತಾಯಿತು. ಕುಸುರೆಳ್ಳಿನ ಡಬ್ಬಿ ಹಿಡಿದುಕೊಂಡು, ಚಪ್ಪಲಿ ಸಹ ಹಾಕದೆ, ಎದುರುಮನೆಗೆ ಓಡಿದೆ.